ಗಟ್ಟಿಮರವೋ ಲ್ಯಾಮಿನೇಟೋ: ಮೊದಲು ನೀರಿನ ಲೆಕ್ಕ

ಮನೆಗೆ ಮರದ ನೆಲ ಬೇಕೆಂದು ಬರುವವರು ಸಾಮಾನ್ಯವಾಗಿ ಬಣ್ಣ ಮತ್ತು ಬೆಲೆಯಿಂದಲೇ ಮಾತು ಆರಂಭಿಸುತ್ತಾರೆ. ಒಳಾಂಗಣ ವಿನ್ಯಾಸದ ಕೆಲಸ ಮಾಡುವ ನಾನು ಅವರನ್ನು ಮೊದಲು ಕೇಳುವುದು ಮನೆಯನ್ನು ದಿನವೂ ಯಾರು, ಹೇಗೆ ಒರೆಸುತ್ತಾರೆ ಎಂದು. ಬಕೆಟ್ಟಿನಲ್ಲಿ ಅದ್ದಿದ ಬಟ್ಟೆಯನ್ನು ಅರೆಬರೆ ಹಿಂಡಿ ಒರೆಸುವ ನಮ್ಮ ರೂಢಿ ಕಲ್ಲು, ರೆಡ್ ಆಕ್ಸೈಡ್ ಮತ್ತು ಟೈಲ್ಸ್ ನೆಲಗಳಿಗೆ ಒಪ್ಪುವಂಥದ್ದು. ಇಡೀ ಮರದಿಂದ ಕೊಯ್ದ ಗಟ್ಟಿಮರವಾಗಲಿ, ಮರದಂತೆ ಕಾಣುವ ಲ್ಯಾಮಿನೇಟಾಗಲಿ ಅಷ್ಟು ನೀರನ್ನು ಬಹುಕಾಲ ಸಹಿಸುವುದಿಲ್ಲ. ಆದರೆ ಎರಡೂ ಕೆಡುವ ಬಗೆ ಬೇರೆ ಬೇರೆ, ನನ್ನ ಮಟ್ಟಿಗೆ ಆಯ್ಕೆಯನ್ನು ನಿರ್ಧರಿಸಬೇಕಾದದ್ದು ಆ ವ್ಯತ್ಯಾಸವೇ.

ಅಂಗಡಿಯಲ್ಲಿ ಮಾದರಿಯ ತುಂಡನ್ನು ಕೈಗೆತ್ತಿಕೊಂಡಾಗ ಮೇಲ್ಮೈಯನ್ನಲ್ಲ, ಕತ್ತರಿಸಿದ ಅಂಚನ್ನು ನೋಡಿ. ಲ್ಯಾಮಿನೇಟಿನ ಅಂಚಿನಲ್ಲಿ ಕಾಣುವುದು ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ, ಕಂದು ಬಣ್ಣದ ಎಚ್‌ಡಿಎಫ್ ಹಲಗೆ. ಮರದ ಗೆರೆಗಳಿರುವುದು ಅದರ ಮೇಲಿನ ಮುದ್ರಿತ ಕಾಗದದಲ್ಲಿ. ಆ ಕಾಗದವನ್ನು ಕಾಯುವುದು ಅಲ್ಯೂಮಿನಿಯಂ ಆಕ್ಸೈಡ್ ಬೆರೆತ ಮೆಲಮೈನ್ ಪದರ. ಕುರ್ಚಿಯ ಎಳೆದಾಟಕ್ಕೆ, ನಾಯಿಯ ಉಗುರಿಗೆ ಈ ಪದರ ಪಾಲಿಶ್ ಮಾಡಿದ ತೇಗಕ್ಕಿಂತ ಚೆನ್ನಾಗಿ ತಾಳುತ್ತದೆ, ಮನೆಬಳಕೆಗೆ ಸವೆತ ತಾಳುವ ಶಕ್ತಿಯನ್ನು ಸೂಚಿಸುವ ಎಸಿ3 ಅಥವಾ ಎಸಿ4 ದರ್ಜೆಯದು ಸಾಕು. ಅದರ ದೌರ್ಬಲ್ಯವಿರುವುದು ಸಂದಿಗಳಲ್ಲಿ. ಅಲ್ಲಿಂದ ಇಳಿದ ನೀರನ್ನು ಎಚ್‌ಡಿಎಫ್ ಹೀರಿಕೊಂಡರೆ ಅಂಚು ಉಬ್ಬಿ ಬರಿಗಾಲಿಗೆ ಏಣಿನಂತೆ ತಾಗುತ್ತದೆ, ಒಣಗಿದ ಮೇಲೂ ಮೊದಲಿನಂತಾಗುವುದಿಲ್ಲ. ಉಜ್ಜಿ ಸಮ ಮಾಡಲು ಹೋದರೆ ಕಾಗದವೇ ಹರಿದುಹೋಗುತ್ತದೆ. ನೀರು ತಾಳುತ್ತದೆ ಎಂದು ಬರೆದ ಪಟ್ಟಿಗಳೂ ಸಾಮಾನ್ಯವಾಗಿ ಮೇಲೆ ಚೆಲ್ಲಿದ ನೀರನ್ನು ಇಂತಿಷ್ಟು ಗಂಟೆ ತಡೆಯುವ ಭರವಸೆ ಕೊಡುತ್ತವೆಯೇ ಹೊರತು ಕೆಳಗಿನ ಕಾಂಕ್ರೀಟಿನಿಂದ ಏರುವ ತೇವದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಸುಮಾರು 18 ಮಿಲಿಮೀಟರ್ ದಪ್ಪದ ಗಟ್ಟಿಮರದ ಪಟ್ಟಿಯೂ ತೇವ ಕುಡಿದು ಬಾಗುತ್ತದೆ. ಆದರೆ ತೇವದ ಮೂಲವನ್ನು ನಿಲ್ಲಿಸಿ ನಿಧಾನವಾಗಿ ಒಣಗಲು ಬಿಟ್ಟರೆ ಎಷ್ಟೋ ವೇಳೆ ಬಹುಪಾಲು ಸರಿಹೋಗುತ್ತದೆ, ಉಳಿದದ್ದನ್ನು ಯಂತ್ರದಿಂದ ಉಜ್ಜಿ ಮತ್ತೆ ಪಾಲಿಶ್ ಮಾಡಬಹುದು. ಹೀಗೆ ಹಲವು ಬಾರಿ ಉಜ್ಜಿಸಿಕೊಂಡು ಎರಡು ತಲೆಮಾರು ಬಾಳುವ ಶಕ್ತಿ ಅದಕ್ಕಿದೆ. ತೆಳುವಾದ ನಿಜಮರವನ್ನು ಪ್ಲೈವುಡ್ ಮೇಲೆ ಕೂರಿಸಿದ ಎಂಜಿನಿಯರ್ಡ್ ಮರ ಇವೆರಡರ ನಡುವಿನದು. ಮೇಲಿನ ಪದರ 3 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಉಜ್ಜುವ ಆಸೆ ಇಟ್ಟುಕೊಳ್ಳಬೇಡಿ.

ಮರ ಉದ್ದಕ್ಕೆ ಬಹುಮಟ್ಟಿಗೆ ಹಿಗ್ಗುವುದಿಲ್ಲ, ಅಡ್ಡಕ್ಕೆ ಹಿಗ್ಗುತ್ತದೆ. ಬೆಂಗಳೂರಿನ ಮಾರ್ಚ್ ತಿಂಗಳ ಒಣಹವೆಯಲ್ಲಿ ಬಿಗಿಯಾಗಿ ಕೂರಿಸಿದ ಪಟ್ಟಿಗಳು ಆಗಸ್ಟ್ ಹೊತ್ತಿಗೆ ಒಂದನ್ನೊಂದು ತಳ್ಳಿ ಮೇಲೇಳುವುದು ಇದೇ ಕಾರಣಕ್ಕೆ. ಗೋಡೆಯ ಸುತ್ತ 10 ಮಿಲಿಮೀಟರಿನಷ್ಟು ಜಾಗ ಬಿಟ್ಟು ಸ್ಕರ್ಟಿಂಗ್‌ನಿಂದ (ಗೋಡೆಯ ಬುಡದ ಪಟ್ಟಿಯಿಂದ) ಮುಚ್ಚುವುದು ಗಟ್ಟಿಮರ, ಲ್ಯಾಮಿನೇಟ್ ಎರಡಕ್ಕೂ ಕಡ್ಡಾಯ. ಹಿಗ್ಗು ಕುಗ್ಗು ಕಡಿಮೆಯಿರುವುದರಿಂದಲೂ, ಗೆದ್ದಲನ್ನು ಬಲಿತ ತಿರುಳಿನ ಭಾಗ ಚೆನ್ನಾಗಿ ತಡೆಯುವುದರಿಂದಲೂ ನಾನು ತೇಗವನ್ನೇ ಮುಂದಿಡುತ್ತೇನೆ. ಲ್ಯಾಮಿನೇಟಿನೊಳಗಿನ ಎಚ್‌ಡಿಎಫ್ ಕೂಡ ಗೆದ್ದಲಿಗೆ ಆಹಾರವೇ ಎಂಬುದನ್ನು ಅನೇಕರು ಮರೆಯುತ್ತಾರೆ. ಮಂಗಳೂರು, ಉಡುಪಿಯಂಥ ಕರಾವಳಿ ಊರುಗಳ ನೆಲಮಹಡಿಗೆ ಲ್ಯಾಮಿನೇಟ್ ಬೇಡವೆಂದೇ ನನ್ನ ಸಲಹೆ.

ಬಾಡಿಗೆಗೆ ಕೊಡುವ ಅಥವಾ ಹತ್ತು ವರ್ಷದೊಳಗೆ ಬದಲಿಸುವ ಯೋಚನೆಯಿರುವ ಫ್ಲ್ಯಾಟಿನ ಮಲಗುವ ಕೋಣೆಗೆ, ಚೆನ್ನಾಗಿ ಹಿಂಡಿದ ಬಟ್ಟೆಯಲ್ಲಿ ಮಾತ್ರ ಒರೆಸುವುದಾದರೆ, 8 ಮಿಲಿಮೀಟರ್ ಲ್ಯಾಮಿನೇಟ್ ಯೋಗ್ಯ ಆಯ್ಕೆ. ಸ್ವಂತ ಮನೆಯಲ್ಲಿ ನೆಲೆ ನಿಲ್ಲುವವರು ಸಾಧ್ಯವಾದರೆ ಒಂದೇ ಕೋಣೆಗಾದರೂ ಗಟ್ಟಿಮರವನ್ನೇ ಹಾಕಿಸಲಿ. ಅಡುಗೆಮನೆಗೆ ಎರಡೂ ಬೇಡ.

ಯಾವುದನ್ನೇ ಕೊಂಡರೂ ಮೊದಲು ಎರಡು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ನಾಲ್ಕೂ ಅಂಚಿನಲ್ಲಿ ಟೇಪಿನಿಂದ ಅಂಟಿಸಿ ಒಂದು ದಿನ ಬಿಡಿ. ಹಾಳೆಯಡಿ ಹನಿ ಕಟ್ಟಿದರೆ ಅಥವಾ ಕಾಂಕ್ರೀಟ್ ಕಪ್ಪಾದರೆ ಕೆಳಗಿನಿಂದ ತೇವ ಏರುತ್ತಿದೆ ಎಂದರ್ಥ, ಕೆಲಸ ಮುಂದೂಡಿ. ಹಳೆಯ ಟೈಲ್ಸ್ ಮೇಲೆಯೇ ಹಾಸುವುದಾದರೆ ಬಾಗಿಲಿನ ಕೆಳಗೆ ಎಷ್ಟು ಸಂದಿಯಿದೆ ಎಂದು ಅಳೆಯಿರಿ. ಲ್ಯಾಮಿನೇಟ್ ಕೊಳ್ಳುವವರು ಅದೇ ಬ್ಯಾಚಿನ ಒಂದು ಪೆಟ್ಟಿಗೆಯನ್ನು ಹೆಚ್ಚಿಗೆ ತೆಗೆದು ಅಟ್ಟದ ಮೇಲಿಡಬೇಕು, ಏಕೆಂದರೆ ಕೆಟ್ಟ ಪಟ್ಟಿಯನ್ನು ಬದಲಿಸುವ ದಿನ ಬಂದಾಗ ಆ ವಿನ್ಯಾಸ ಮಾರುಕಟ್ಟೆಯಲ್ಲಿ ಉಳಿದಿರುವುದು ಅಪರೂಪ.