ಅಲುಗದ ಚಿತ್ರಗಳ ಹದಿನೇಳು ಗಂಟೆ: 1979ರ ‘ಗಂಡಮ್’ ಸರಣಿಯನ್ನು ಇಂದು ನೋಡಬೇಕೆ?

ಸ್ಟೋರಿಬೋರ್ಡ್, ಎಂದರೆ ಶಾಟುಗಳನ್ನು ಮೊದಲೇ ಕ್ರಮವಾಗಿ ಚಿತ್ರಿಸಿಡುವ ಕೆಲಸ, ಕಲಿಯಲು ಬರುವವರಿಗೆ ನಾನು ಮೊದಲ ತಿಂಗಳಲ್ಲಿಯೇ ‘ಮೊಬೈಲ್ ಸೂಟ್ ಗಂಡಮ್’ ಸರಣಿಯ ಮೊದಲ ಕಂತನ್ನು ತೋರಿಸುತ್ತೇನೆ. 1979ರ ಏಪ್ರಿಲ್ 7ರಂದು ಜಪಾನಿನ ನಗೋಯಾ ಟಿವಿಯಲ್ಲಿ ಆರಂಭವಾದ, ಮನುಷ್ಯರು ಒಳಗೆ ಕುಳಿತು ನಡೆಸುವ ದೈತ್ಯ ರೋಬಾಟುಗಳ ಯುದ್ಧದ ಈ ಅನಿಮೇಷನ್ ಸರಣಿ ಅವರ ಪಾಲಿಗೆ ಅಪ್ಪ ಅಮ್ಮಂದಿರ ಕಾಲದ್ದು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಯಾರಾದರೊಬ್ಬರು ತುಸು ಸಂಕೋಚದಿಂದಲೇ, ‘ಸರ್, ಇದರಲ್ಲಿ ಯಾರೂ ಸರಿಯಾಗಿ ಅಲುಗುವುದೇ ಇಲ್ಲವಲ್ಲ’ ಎನ್ನುತ್ತಾರೆ. ಮಾತು ನಿಜ. ಮಾತನಾಡುವ ಪಾತ್ರದ ತುಟಿ ಮಾತ್ರ ಚಲಿಸುತ್ತದೆ, ಕೇಳಿಸಿಕೊಳ್ಳುವವರು ಗೋಡೆಗೆ ಬರೆದ ಚಿತ್ರದ ಹಾಗೆ ನಿಂತಿರುತ್ತಾರೆ, ಯಂತ್ರಗಳು ಹಾರುವಾಗ ಎಷ್ಟೋ ಸಲ ಯಂತ್ರ ನಿಂತೇ ಇರುತ್ತದೆ, ಹಿನ್ನೆಲೆ ಜಾರುತ್ತದೆ. ಇಂದಿನ ಸರಣಿಗಳ ನುಣುಪಿಗೆ ಪಳಗಿದ ಕಣ್ಣಿಗೆ ಇದು ಬಡತನವಾಗಿ ಕಾಣುವುದರಲ್ಲಿ ಆಶ್ಚರ್ಯವಿಲ್ಲ. ಅದು ಬಡತನವೇ ಹೌದು. ಆ ಬಡತನವನ್ನು ತಯಾರಕರು ಹೇಗೆ ಬಳಸಿಕೊಂಡರು ಎಂಬುದರ ಮೇಲೆಯೇ, ಸುಮಾರು ಹದಿನೇಳು ಗಂಟೆಗಳ ಈ ಸರಣಿಯನ್ನು ಇಂದು ನೋಡಬೇಕೋ ಬೇಡವೋ ಎಂಬ ತೀರ್ಮಾನ ನಿಂತಿದೆ ಎಂದು ನನಗೆ ಅನ್ನಿಸುತ್ತದೆ.

ಮೊದಲು ಲೆಕ್ಕವನ್ನು ನೋಡೋಣ. ಚಲನಚಿತ್ರದ ಫಿಲ್ಮ್ ಸೆಕೆಂಡಿಗೆ 24 ಫ್ರೇಮುಗಳಂತೆ ಓಡುತ್ತದೆ. ಜಾಹೀರಾತು ಮತ್ತು ಶೀರ್ಷಿಕೆಗೀತೆಗಳನ್ನು ಕಳೆದು 22 ನಿಮಿಷ ಉಳಿಯುವ ಒಂದು ಕಂತಿಗೆ ಇದರಂತೆ 31,680 ಫ್ರೇಮುಗಳು ಬೇಕು. ಒಂದೊಂದು ಚಿತ್ರವನ್ನು ಮೂರು ಫ್ರೇಮುಗಳ ಕಾಲ ನಿಲ್ಲಿಸಿದರೆ ಸೆಕೆಂಡಿಗೆ ಎಂಟೇ ಚಿತ್ರ ಸಾಕಾಗುತ್ತದೆ. ಆಗಲೂ ಹತ್ತು ಸಾವಿರಕ್ಕೂ ಹೆಚ್ಚು ಚಿತ್ರಗಳಾದವು. ಆ ಕಾಲದ ವಾರದ ಸರಣಿಯೊಂದಕ್ಕೆ ಸಾಮಾನ್ಯವಾಗಿ ದಕ್ಕುತ್ತಿದ್ದದ್ದು ಮೂರು ನಾಲ್ಕು ಸಾವಿರ ಸೆಲ್‌ಗಳು, ಎಂದರೆ ಪಾರದರ್ಶಕ ಹಾಳೆಯ ಮೇಲೆ ಬಣ್ಣ ತುಂಬಿದ ಚಿತ್ರಗಳು. ಕೊರತೆಯನ್ನು ತುಂಬಲು ಮೂರು ಉಪಾಯಗಳಿದ್ದವು: ಚಿತ್ರವನ್ನು ನಿಲ್ಲಿಸಿ ಕ್ಯಾಮೆರಾವನ್ನು ಸರಿಸುವುದು, ದೇಹವನ್ನು ಬಿಟ್ಟು ತುಟಿ ಮತ್ತು ಕಣ್ಣನ್ನಷ್ಟೇ ಚಲಿಸುವುದು, ಒಮ್ಮೆ ಚಿತ್ರಿಸಿದ ದೃಶ್ಯವನ್ನು ತೆಗೆದಿಟ್ಟು ಮತ್ತೆ ಮತ್ತೆ ಬಳಸುವುದು. 1963ರ ಜನವರಿ 1ರಂದು ಆರಂಭವಾದ ಒಸಾಮು ತೆಜುಕಾ ಅವರ ‘ಆಸ್ಟ್ರೋ ಬಾಯ್’ ಈ ಪದ್ಧತಿಯನ್ನು ಜಪಾನಿನ ಟಿವಿಯಲ್ಲಿ ನೆಲೆಗೊಳಿಸಿತು, ಮತ್ತು ಗಂಡಮ್‌ನ ನಿರ್ದೇಶಕ ಯೊಶಿಯುಕಿ ತೊಮಿನೊ ಕೆಲಸ ಕಲಿತದ್ದು ಅದನ್ನು ತಯಾರಿಸಿದ ತೆಜುಕಾ ಅವರ ಸಂಸ್ಥೆಯಲ್ಲಿಯೇ. ನಮ್ಮಲ್ಲಿ ತೊಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಹಿಂದಿಯಲ್ಲಿ ಬರುತ್ತಿದ್ದ ಮೋಗ್ಲಿಯ ‘ಜಂಗಲ್ ಬುಕ್’ ಕೂಡ 1989ರ ಜಪಾನೀ ಸರಣಿಯೇ ಆಗಿತ್ತು. ಅದನ್ನು ನೋಡಿ ಬೆಳೆದ ನನ್ನ ಓರಗೆಯವರಿಗೆ ಅನಿಮೆ ಎಂಬ ಶಬ್ದ ಗೊತ್ತಿಲ್ಲದಿದ್ದರೂ ಈ ನಿಂತ ಚಿತ್ರಗಳ ಭಾಷೆ ಗೊತ್ತಿತ್ತು.

ಹಾಸಿಗೆ ಇದ್ದಷ್ಟು ಕಾಲು ಚಾಚುವುದು ಬೇರೆ, ಹಾಸಿಗೆ ಚಿಕ್ಕದಿದೆ ಎಂಬುದನ್ನೇ ಕಥೆಯ ವಸ್ತುವಾಗಿಸುವುದು ಬೇರೆ. ಗಂಡಮ್ ಎರಡನೆಯದನ್ನು ಮಾಡಿತು. ಭೂಮಿಯ ಸುತ್ತ ತೇಲುವ ಬೃಹತ್ ಕೃತಕ ವಸಾಹತುಗಳಲ್ಲೊಂದು ಗುಂಪು ಸ್ವಾತಂತ್ರ್ಯದ ಹೆಸರಿನಲ್ಲಿ ಭೂಮಿಯ ಒಕ್ಕೂಟದ ಮೇಲೆ ಯುದ್ಧ ಸಾರಿದೆ. ತಿಂಗಳೊಪ್ಪತ್ತಿನಲ್ಲಿ ಮನುಕುಲದ ಅರ್ಧದಷ್ಟು ಜನ ಸತ್ತಿದ್ದಾರೆ. ಆ ಬಳಿಕ ಎಂಟು ತಿಂಗಳು ಕಳೆದರೂ ಯಾರೂ ಗೆದ್ದಿಲ್ಲ. ಇಷ್ಟನ್ನು ಆರಂಭದ ನಿರೂಪಣೆಯೇ ಹೇಳಿ ಮುಗಿಸುತ್ತದೆ. ಎಂದರೆ ಕಥೆ ತೊಡಗುವುದು ಎರಡೂ ಕಡೆಯವರು ದಣಿದ ಮೇಲೆ. ಹದಿನೈದರ ಹುಡುಗ ಅಮುರೊ, ಹತ್ತೊಂಬತ್ತರ ಹರೆಯದಲ್ಲಿಯೇ ನೌಕೆಯ ನಾಯಕತ್ವ ಹೊರಬೇಕಾದ ಬ್ರೈಟ್, ಮನೆ ಕಳೆದುಕೊಂಡ ನಿರಾಶ್ರಿತರು, ಬೆರಳೆಣಿಕೆಯ ಸಿಬ್ಬಂದಿ: ಇವರು ಒಂದು ನೌಕೆಯಲ್ಲಿ ಓಡುತ್ತಾರೆ, ಮತ್ತು ಅವರಿಗೆ ಎಲ್ಲವೂ ಕಡಿಮೆ ಬೀಳುತ್ತದೆ. ಮದ್ದುಗುಂಡು ಸಾಲದು, ನಿದ್ದೆ ಸಾಲದು. 16ನೇ ಕಂತಿನಲ್ಲಿ ಅಡುಗೆಯವನು ಬಂದು ನೌಕೆಯಲ್ಲಿ ಉಪ್ಪು ಮುಗಿಯುತ್ತಿದೆ ಎನ್ನುತ್ತಾನೆ. ನೌಕೆ ಮಧ್ಯ ಏಷ್ಯಾದ ಲೋಪ್ ನೂರ್ ಎಂಬ ಉಪ್ಪಿನ ಸರೋವರವನ್ನು ಹುಡುಕುತ್ತಾ ಹೊರಡುತ್ತದೆ. ದೈತ್ಯ ರೋಬಾಟುಗಳ ಸರಣಿಯಲ್ಲಿ ಉಪ್ಪಿಗಾಗಿ ಪರದಾಟ! ತೊಮಿನೊ ಇದಕ್ಕೂ ಮೊದಲು 1974ರ ‘ಹೈಡಿ’ ಸರಣಿಗೆ ಸ್ಟೋರಿಬೋರ್ಡ್ ಮಾಡಿದ್ದರು. ಊಟ, ಹಾಸಿಗೆ, ಹವೆ, ನಡೆದು ದಣಿದ ಕಾಲು ಇವೆಲ್ಲ ಕಥೆಗೆ ಯೋಗ್ಯವಾದ ಸಂಗತಿಗಳು ಎಂಬ ತಿಳಿವಳಿಕೆ ಅಲ್ಲಿಂದ ಬಂದಿರಬಹುದು ಎಂಬುದು ನನ್ನ ಊಹೆ.

ಮೊದಲ ಕಂತನ್ನು ನಾನು ತೋರಿಸುವುದಕ್ಕೆ ಕಾರಣವಿದೆ. ಶತ್ರುಗಳ ಎರಡು ಯಂತ್ರಗಳು ವಸಾಹತಿನ ಒಳಗೆ ನುಗ್ಗುತ್ತವೆ. ಗೂಢಚರ್ಯೆಗೆಂದು ಬಂದ ಕಿರಿಯ ಸೈನಿಕನೊಬ್ಬ ಆಜ್ಞೆ ಮೀರಿ ಗುಂಡು ಹಾರಿಸುತ್ತಾನೆ. ಅಮುರೊನ ಗೆಳತಿಯ ತಾಯಿ ಮತ್ತು ಅಜ್ಜ ಅವನ ಕಣ್ಣೆದುರೇ ಸಾಯುತ್ತಾರೆ. ಅಮುರೊ ಕೈಪಿಡಿಯನ್ನು ಹಿಡಿದುಕೊಂಡೇ ಗಂಡಮ್ ಯಂತ್ರದೊಳಗೆ ಕೂರುತ್ತಾನೆ. ಅವನು ಕತ್ತರಿಸಿದ ಮೊದಲ ಶತ್ರುಯಂತ್ರದ ಅಣು ರಿಯಾಕ್ಟರ್ ಸಿಡಿದು ವಸಾಹತಿನ ಗೋಡೆಯಲ್ಲಿ ರಂಧ್ರ ಬೀಳುತ್ತದೆ, ಅವನ ತಂದೆಯೇ ಆ ರಂಧ್ರದಿಂದ ಬಾಹ್ಯಾಕಾಶಕ್ಕೆ ಸೆಳೆಯಲ್ಪಡುತ್ತಾನೆ. ಎರಡನೇ ಯಂತ್ರ ಎದುರಾದಾಗ ಹುಡುಗನಿಗೆ ಹೊಸ ಸಮಸ್ಯೆ: ಇದೂ ಸಿಡಿಯಬಾರದು. ಹಾಗಾದರೆ ಒಳಗೆ ಕುಳಿತ ಮನುಷ್ಯನನ್ನು ಮಾತ್ರ ಇರಿಯಬೇಕು. ಗೆಲುವಿನ ಸಂಭ್ರಮ ಇರಬೇಕಾದ ಜಾಗದಲ್ಲಿ ಅಲ್ಲಿ ಒಂದು ಲೆಕ್ಕಾಚಾರವಿದೆ, ಆ ಲೆಕ್ಕಾಚಾರದ ಉತ್ತರ ಕೊಲೆ. ಚಿತ್ರಗಳ ಸಂಖ್ಯೆ ಇಲ್ಲಿ ಮುಖ್ಯವಾಗುವುದಿಲ್ಲ. ಯಾವ ಶಾಟ್ ಆದ ಮೇಲೆ ಯಾವ ಶಾಟ್ ಬರಬೇಕು ಎಂಬ ನಿರ್ಧಾರ ಮುಖ್ಯವಾಗುತ್ತದೆ, ಮತ್ತು ಆ ನಿರ್ಧಾರಕ್ಕೆ ಸೆಲ್ ಖರ್ಚಾಗುವುದಿಲ್ಲ.

ಇನ್ನು 13ನೇ ಕಂತು. ನನ್ನ ವೃತ್ತಿಯಲ್ಲಿ ಇದರಷ್ಟು ಸಲ ನಿಲ್ಲಿಸಿ, ಹಿಂದಕ್ಕೆ ಓಡಿಸಿ ನೋಡಿದ ಇಪ್ಪತ್ತೆರಡು ನಿಮಿಷಗಳು ಬೇರೆ ಇಲ್ಲ. ಅಮುರೊ ಭೂಮಿಯ ಮೇಲಿನ ತನ್ನ ಹಳೆಯ ಮನೆಗೆ ಬರುತ್ತಾನೆ. ಅಲ್ಲಿ ತಮ್ಮದೇ ಕಡೆಯ ಕುಡುಕ ಸೈನಿಕರು ಠಿಕಾಣಿ ಹೂಡಿದ್ದಾರೆ. ತಾಯಿ ನಿರಾಶ್ರಿತರ ಶಿಬಿರದಲ್ಲಿ ಸಿಗುತ್ತಾಳೆ. ಶತ್ರು ಸೈನಿಕರು ತಪಾಸಣೆಗೆ ಬಂದಾಗ ರೋಗಿಯ ಹಾಗೆ ಹೊದ್ದು ಮಲಗಿದ್ದ ಹುಡುಗ ಹೊದಿಕೆಯ ಒಳಗಿನಿಂದಲೇ ಗುಂಡು ಹಾರಿಸುತ್ತಾನೆ. ಆ ಮನುಷ್ಯನಿಗೂ ಮನೆಮಂದಿ ಇರುತ್ತಾರಲ್ಲ ಎಂದು ತಾಯಿ ಕಂಗೆಡುತ್ತಾಳೆ. ಇದು ಯುದ್ಧ ಎಂದು ಮಗ ಸಿಡುಕುತ್ತಾನೆ. ಕೊನೆಗೆ ನೌಕೆ ಬಂದು ಇಳಿದಾಗ ಅವನು ಅವಳನ್ನು ಅಪ್ಪಿಕೊಳ್ಳುವುದಿಲ್ಲ, ಕಾಲಿಗೂ ಬೀಳುವುದಿಲ್ಲ; ನೆಟ್ಟಗೆ ನಿಂತು, ಅಧಿಕಾರಿಗೆ ಮಾಡುವಂತೆ, ಹೆತ್ತ ತಾಯಿಗೆ ಸೆಲ್ಯೂಟ್ ಮಾಡುತ್ತಾನೆ. ತಾಯಿ ಕುಸಿದು ಅಳುತ್ತಾಳೆ. ಕೈ ಹಣೆಗೆ ಏರುವ ಒಂದು ಸಣ್ಣ ಚಲನೆ ಬಿಟ್ಟರೆ ಸೆಲ್ಯೂಟಿನಲ್ಲಿ ಚಿತ್ರಿಸಬೇಕಾದದ್ದು ಹೆಚ್ಚೇನೂ ಇಲ್ಲ. ಅದುವರೆಗೆ ಎಲ್ಲರೂ ಬಹುಪಾಲು ನಿಂತೇ ಮಾತನಾಡಿದ್ದರಿಂದ ಆ ಒಂದು ಚಲನೆ ಕಪಾಳಕ್ಕೆ ಬಿದ್ದ ಏಟಿನ ಹಾಗೆ ತಾಗುತ್ತದೆ. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂಬ ನಮ್ಮ ಗಾದೆಯ ಎರಡೂ ಅರ್ಧಗಳಿಗೆ ಈ ಸರಣಿಯಲ್ಲಿ ಒಂದೊಂದು ಕಂತು ಇದೆ ಎಂದು ನಾನು ತರಗತಿಯಲ್ಲಿ ನಗೆಯಾಡುವುದುಂಟು. ಎರಡನೇ ಅರ್ಧವನ್ನು ಅದು ನಿರ್ದಯವಾಗಿ ಪರೀಕ್ಷೆಗೆ ಒಡ್ಡುತ್ತದೆ.

ಶತ್ರುಗಳ ‘ಜಾಕು’ ಎಂಬ ಹಸಿರು ಯಂತ್ರದ ಬಗ್ಗೆಯೂ ಹೇಳಬೇಕು. ಅಲ್ಲಿಯವರೆಗಿನ ರೋಬಾಟ್ ಸರಣಿಗಳಲ್ಲಿ ವಾರಕ್ಕೊಂದು ಹೊಸ ರಾಕ್ಷಸಯಂತ್ರ ಬಂದು ನಾಯಕನ ಕೈಯಲ್ಲಿ ಪುಡಿಯಾಗುವುದು ವಾಡಿಕೆಯಾಗಿತ್ತು. ಗಂಡಮ್‌ನ ಆರಂಭದ ಕಂತುಗಳಲ್ಲಿ ಎದುರಾಳಿ ಹೆಚ್ಚಾಗಿ ಅದೇ ಜಾಕು, ಏಕೆಂದರೆ ಅದು ಕಾರ್ಖಾನೆಯಲ್ಲಿ ರಾಶಿರಾಶಿಯಾಗಿ ತಯಾರಾದ ಸೇನಾ ಸಾಮಗ್ರಿ. ಯಂತ್ರವಿನ್ಯಾಸಕಾರ ಕುನಿಯೊ ಒಕವಾರಾ ಇದನ್ನು ಹೆಚ್ಚು ಸ್ವತಂತ್ರವಾಗಿ ರೂಪಿಸಲು ಸಾಧ್ಯವಾದದ್ದಕ್ಕೆ ಕಾರಣ ಸರಳವಾದದ್ದು: ಪ್ರಾಯೋಜಕರಾದ ಆಟಿಕೆ ಕಂಪನಿಗೆ ನಾಯಕನ ಯಂತ್ರವನ್ನು ಮಾರುವುದು ಬೇಕಿತ್ತು, ಶತ್ರುವಿನ ಯಂತ್ರದ ಬಗ್ಗೆ ಅಷ್ಟು ತಲೆಬಿಸಿ ಇರಲಿಲ್ಲ. ಹಾಗಾಗಿ ಗಂಡಮ್ ಆಟಿಕೆಯಂಗಡಿಯ ಬಿಳಿ, ಕೆಂಪು, ನೀಲಿ, ಹಳದಿಯಲ್ಲಿ ಹೊಳೆಯುತ್ತದೆ, ಜಾಕು ಯುದ್ಧಭೂಮಿಯಿಂದ ಎದ್ದು ಬಂದಂತೆ ಕಾಣುತ್ತದೆ. ಅಂತರಿಕ್ಷದಲ್ಲಿ ಕ್ಷಿಪಣಿಗಳಿರುವಾಗ ಮನುಷ್ಯಾಕೃತಿಗಳು ಕೈ ಕೈ ಮಿಲಾಯಿಸುವುದೇಕೆ ಎಂಬ ತರ್ಕದ ಪ್ರಶ್ನೆಗೆ ರೇಡಾರನ್ನು ಕುರುಡು ಮಾಡುವ ‘ಮಿನೊವ್‌ಸ್ಕಿ ಕಣ’ ಎಂಬ ಕಲ್ಪನೆಯನ್ನು ತಂದರು. ವಿಜ್ಞಾನವಾಗಿ ಅದು ಬರೀ ಹುಸಿ. ಆದರೆ ಕಣ್ಣಿಗೆ ಕಾಣುವಷ್ಟು ಹತ್ತಿರ ಬರದೆ ಯಾರನ್ನೂ ಕೊಲ್ಲಲಾಗದು ಎಂಬ ಸ್ಥಿತಿಯನ್ನು ಅದು ಕಥೆಗೆ ಒದಗಿಸುತ್ತದೆ.

ಹಳತಾದ ಭಾಗಗಳನ್ನು ಮುಚ್ಚಿಡುವುದು ಸರಿಯಲ್ಲ. ನೌಕೆಯಲ್ಲಿರುವ ಮೂವರು ಚಿಕ್ಕ ಮಕ್ಕಳ ಚೇಷ್ಟೆ ಬೇಸರ ತರಿಸುತ್ತದೆ. ಹೆಣ್ಣುಪಾತ್ರಗಳಲ್ಲಿ ಕೆಲವರಿಗೆ ಗಟ್ಟಿಯಾದ ಬದುಕಿದ್ದರೂ ಅವರ ಬಾಯಿಗೆ ಹಾಕಿದ ಮಾತುಗಳು ಆ ಕಾಲದ ಗಂಡಸರವು. ಸರಪಳಿಗೆ ಮುಳ್ಳುಗುಂಡು ಕಟ್ಟಿದ ಆಯುಧ, ಮಧ್ಯದಲ್ಲಿ ಬರುವ ‘ಜಿ-ಆರ್ಮರ್’ ಎಂಬ ಜೋಡಣೆಯ ವಾಹನ ಇವೆಲ್ಲ ಅಂಗಡಿಯ ಕಪಾಟಿಗಾಗಿ ಬಂದವು ಎಂಬುದು ನೋಡಿದರೆ ತಿಳಿಯುತ್ತದೆ, ಮತ್ತು ಆ ಜೋಡಣೆಯ ದೃಶ್ಯಗಳು ಮರುಬಳಕೆಯಾಗಿ ಬಂದಾಗ ನೀವು ಧಾರಾಳವಾಗಿ ಕಾಫಿ ಮಾಡಿಕೊಳ್ಳಲು ಎದ್ದು ಹೋಗಬಹುದು. ಪಾತ್ರಗಳನ್ನು ರೂಪಿಸಿ ಚಿತ್ರಣದ ಹೊಣೆ ಹೊತ್ತಿದ್ದ ಯೊಶಿಕಾಜು ಯಾಸುಹಿಕೊ ಪ್ರಸಾರದ ಕೊನೆಯ ಹಂತದಲ್ಲಿ ಅನಾರೋಗ್ಯದಿಂದ ಆಸ್ಪತ್ರೆ ಸೇರಿದರು. ಆ ಬಳಿಕದ ಕಂತುಗಳಲ್ಲಿ ಮುಖಗಳು ಶಾಟಿನಿಂದ ಶಾಟಿಗೆ ಬದಲಾಗುತ್ತವೆ. ತಿದ್ದುವ ಕೈ ಒಂದು ಇಲ್ಲವಾದರೆ ಏನಾಗುತ್ತದೆ ಎಂಬುದನ್ನು ಬೆಂಗಳೂರಿನಲ್ಲಿ ಹೊರಗುತ್ತಿಗೆಯ ಅನಿಮೇಷನ್ ಮಾಡಿಕೊಂಡು ಬಂದ ನನ್ನಂಥವರಿಗೆ ಯಾರೂ ವಿವರಿಸಬೇಕಿಲ್ಲ. ಗಡುವಿನ ಹಿಂದಿನ ರಾತ್ರಿ ನಾನೇ ಸಹಿ ಹಾಕಿ ಕಳಿಸಿದ ಕೆಲವು ಮುಖಗಳು ಇಂದಿಗೂ ನೆನಪಾಗಿ ನಾಚಿಕೆಯಾಗುತ್ತದೆ.

ಸರಣಿಯನ್ನು 52 ಕಂತುಗಳಿಗೆ ಯೋಜಿಸಲಾಗಿತ್ತು. ನೋಡುಗರು ಕಡಿಮೆ, ಆಟಿಕೆಗಳ ಮಾರಾಟವೂ ಮಂದ. ಹಾಗಾಗಿ 1980ರ ಜನವರಿ 26ರಂದು 43ಕ್ಕೇ ನಿಲ್ಲಿಸಲಾಯಿತು. ಅದೇ ವರ್ಷದ ಜುಲೈನಲ್ಲಿ ಬಂಡಾಯ್ ಕಂಪನಿ 300 ಯೆನ್ ಬೆಲೆಯ ಪ್ಲಾಸ್ಟಿಕ್ ಜೋಡಣೆಯ ಮಾದರಿಗಳನ್ನು ಮಾರುಕಟ್ಟೆಗೆ ತಂದ ಮೇಲೆ, ಮರುಪ್ರಸಾರಗಳ ಜೊತೆಗೂಡಿ, ಮುಗಿದುಹೋದ ಸರಣಿಗೆ ಭಾರೀ ಬೇಡಿಕೆ ಬಂತು. ಒಂಬತ್ತು ಕಂತು ಕಡಿತವಾದದ್ದು ಕಥೆಗೆ ನಷ್ಟ ಎಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ನಷ್ಟವಾದದ್ದು ಒಂದೇ ಕಡೆ: 34ನೇ ಕಂತಿನಲ್ಲಿ ಕಾಣಿಸಿಕೊಳ್ಳುವ ಲಾಲಾ ಎಂಬ ಹೆಣ್ಣಿನ ಪಾತ್ರಕ್ಕೆ ಬೆಳೆಯಲು ಸಮಯವೇ ಸಿಗುವುದಿಲ್ಲ, ಬಾಹ್ಯಾಕಾಶದ ಬದುಕಿನಿಂದ ಮನುಷ್ಯರಲ್ಲಿ ಒಬ್ಬರನ್ನೊಬ್ಬರು ನೇರವಾಗಿ ಅರಿಯುವ ಶಕ್ತಿ ಮೂಡುತ್ತದೆ ಎಂದು ಅವಳ ಮೂಲಕ ಹೇಳಬೇಕಾದ ‘ಹೊಸ ಮಾನವ’ನ ತತ್ವ ಅವಸರದ ಭಾಷಣದ ಹಾಗೆ ಕೇಳಿಸುತ್ತದೆ. ಉಳಿದಂತೆ ಕೊನೆಯ ಹತ್ತು ಕಂತುಗಳ ಬಿಗಿ ಆ ಕತ್ತರಿಯ ಕೊಡುಗೆ.

ಸಮಯವಿಲ್ಲದವರು ಕೇಳುವ ಪ್ರಶ್ನೆ ಇನ್ನೊಂದಿದೆ: 1981 ಮತ್ತು 1982ರಲ್ಲಿ ಇದೇ ಸರಣಿಯನ್ನು ಕತ್ತರಿಸಿ ಜೋಡಿಸಿದ ಮೂರು ಚಲನಚಿತ್ರಗಳು ಬಂದಿವೆ, ಅವನ್ನೇ ನೋಡಿದರೆ ಸಾಲದೆ? ಒಂದೊಂದೂ ಎರಡು ಗಂಟೆಗೂ ಮೀರಿದ ಈ ಚಿತ್ರಗಳಲ್ಲಿ ಮೂರನೆಯದು ಚಿತ್ರಣದ ದೃಷ್ಟಿಯಿಂದ ಸರಣಿಗಿಂತ ನಿಸ್ಸಂದೇಹವಾಗಿ ಮೇಲು, ಏಕೆಂದರೆ ಚೇತರಿಸಿಕೊಂಡ ಯಾಸುಹಿಕೊ ಬಹಳಷ್ಟು ದೃಶ್ಯಗಳನ್ನು ಹೊಸದಾಗಿ ಬರೆದರು. ಜಿ-ಆರ್ಮರ್ ಆಟಿಕೆಯೂ ಅಲ್ಲಿ ತೊಲಗಿದೆ. ಆದರೂ ನನ್ನ ಶಿಫಾರಸು ಸರಣಿಗೇ. ಚಿತ್ರಗಳು ಘಟನೆಯಿಂದ ಘಟನೆಗೆ ನೆಗೆಯುತ್ತವೆ. ಘಟನೆಗಳ ನಡುವಿನ ಬಳಲಿಕೆ ಅಲ್ಲಿ ಉಳಿಯುವುದಿಲ್ಲ, ಮತ್ತು ಈ ಕಥೆಯ ಸತ್ವ ಇರುವುದು ಆ ಬಳಲಿಕೆಯಲ್ಲಿ. ವಾರಕ್ಕೊಂದು ಕಂತಿನಂತೆ ಹತ್ತು ತಿಂಗಳು ಹರಡಿದ್ದನ್ನು ಒಂದೇ ಮಧ್ಯಾಹ್ನಕ್ಕೆ ಹಿಂಡಿದರೆ ಯುದ್ಧ ಉಳಿಯುತ್ತದೆ, ದಿನಗಳು ಹೋಗುತ್ತವೆ.

ನೋಡುವುದಾದರೆ ಮೊದಲು ನಿಮ್ಮ ಟಿವಿಯ ಸೆಟ್ಟಿಂಗಿಗೆ ಹೋಗಿ ‘ಮೋಷನ್ ಸ್ಮೂದಿಂಗ್’ ಎಂಬುದನ್ನು ಆಫ್ ಮಾಡಿ. ಕಂಪನಿಗೊಂದು ಹೆಸರು ಇಟ್ಟಿರುತ್ತಾರೆ. ಸೆಕೆಂಡಿಗೆ ಎಂಟು ಚಿತ್ರಗಳ ಲಯಕ್ಕೆ ಕೂಡಿಸಿದ ಕೆಲಸದ ನಡುವೆ ಈ ಸೌಲಭ್ಯ ತಾನೇ ಹುಸಿ ಚಿತ್ರಗಳನ್ನು ತುರುಕುತ್ತದೆ, ಆಗ ಅಂಚುಗಳು ಕಲಸಿಹೋಗಿ ಇಡೀ ಸರಣಿ ನೀರಿನಲ್ಲಿ ಅದ್ದಿದಂತೆ ಕಾಣುತ್ತದೆ. ಚೌಕದ ಚಿತ್ರವನ್ನು ಅಗಲಿಸಬೇಡಿ. ಪಕ್ಕದ ಕಪ್ಪು ಪಟ್ಟಿಗಳು ಇರಲಿ. ದಿನಕ್ಕೆ ಎರಡು ಕಂತು ಸಾಕು, ಏಕೆಂದರೆ ಪ್ರತಿ ಕಂತಿನ ಆರಂಭದ ನಿರೂಪಣೆ ಮತ್ತು ಮರುಬಳಕೆಯ ದೃಶ್ಯಗಳು ಒಂದೇ ಪಟ್ಟಿನಲ್ಲಿ ಹತ್ತು ಕಂತು ನೋಡುವವರಿಗಾಗಿ ಮಾಡಿದವಲ್ಲ. ಧ್ವನಿ ಜಪಾನಿಯದೇ ಇರಲಿ: ಅಮುರೊಗೆ ತೊರು ಫುರುಯಾ, ಮುಖವಾಡ ತೊಟ್ಟ ಎದುರಾಳಿ ಚಾರ್‌ಗೆ ಶುಇಚಿ ಇಕೆದಾ ಕೊಟ್ಟ ಕಂಠಗಳು ನಿಂತ ಮುಖಗಳ ಅರ್ಧ ಅಭಿನಯವನ್ನು ತಾವೇ ಹೊತ್ತಿವೆ. ನಿಮಗೆ ಸಿಕ್ಕ ಪ್ರತಿಯಲ್ಲಿ 42 ಕಂತುಗಳೇ ಇದ್ದರೆ ಗಾಬರಿ ಬೇಡ. ಚಿತ್ರಣ ತೀರಾ ಕೆಟ್ಟಿದ್ದ 15ನೇ ಕಂತನ್ನು ತೊಮಿನೊ ಅವರೇ ವಿದೇಶಿ ಬಿಡುಗಡೆಯಿಂದ ತೆಗೆಸಿದರು. ಯುದ್ಧ ತೊರೆದು ಅನಾಥ ಮಕ್ಕಳನ್ನು ಸಾಕುವ ಸೈನಿಕನ ಆ ಕಥೆಯನ್ನು ಯಾಸುಹಿಕೊ 2022ರಲ್ಲಿ ಪೂರ್ಣಪ್ರಮಾಣದ ಚಿತ್ರವಾಗಿ ಮತ್ತೆ ನಿರ್ದೇಶಿಸಿದ್ದಾರೆ.

13ನೇ ಕಂತಿನವರೆಗೆ ನೋಡಿ. ಆ ಸೆಲ್ಯೂಟ್ ಕಂಡ ಮೇಲೂ ನಿಮಗೆ ಏನೂ ಅನ್ನಿಸದಿದ್ದರೆ ನಿಶ್ಚಿಂತೆಯಿಂದ ನಿಲ್ಲಿಸಬಹುದು, ಮುಂದಿನದು ನಿಮ್ಮ ಮನಸ್ಸನ್ನು ಬದಲಿಸುವುದಿಲ್ಲ. ಅನ್ನಿಸಿದರೆ 14ನೆಯದನ್ನು ತಪ್ಪಿಸಬೇಡಿ. ಚಲನಚಿತ್ರಗಳಲ್ಲಿ ಅದಕ್ಕೆ ಜಾಗ ಸಿಕ್ಕಿಲ್ಲ. ಊರಿಗೆ ಮರಳುವ ಆಸೆಯಿಂದ ಕೆಲವು ತರುಣ ಶತ್ರು ಸೈನಿಕರು ಗಂಡಮ್ ಯಂತ್ರಕ್ಕೆ ಬಾಂಬುಗಳನ್ನು ಅಂಟಿಸಿ ದೂರದಿಂದ ಕಾಯುತ್ತಾರೆ, ಅಮುರೊ ಒಬ್ಬನೇ ಅವನ್ನು ಒಂದೊಂದಾಗಿ ಕೈಯಿಂದ ಬಿಡಿಸುತ್ತಾನೆ. ಎಲ್ಲ ಮುಗಿದ ಮೇಲೆ ಆ ತರುಣರು ಸಾಧಾರಣ ಬಟ್ಟೆ ತೊಟ್ಟು, ಆ ಕೆಲಸ ಮಾಡಿದವನು ಯಾರೆಂದು ನೋಡಲು ಬರುತ್ತಾರೆ, ತಮಗಿಂತಲೂ ಚಿಕ್ಕ ಹುಡುಗನೊಬ್ಬ ಕಾಣುತ್ತಾನೆ, ಎರಡು ಮಾತನಾಡಿ ಹೊರಟುಹೋಗುತ್ತಾರೆ.