ಬೊಜ್ಜಲ್ಲ, ಕರುಳು: ದೊಡ್ಡ ವಾನರಗಳಲ್ಲಿ ಗಂಡಿನ ಮೈ, ಹೆಣ್ಣಿನ ಮೈ

ಮೈಸೂರಿನ ಮೃಗಾಲಯದಲ್ಲಿ ಗೊರಿಲ್ಲಾ ಎದುರು ನಿಂತವರ ಕಣ್ಣು ಮೊದಲು ಹೋಗುವುದು ಹೊಟ್ಟೆ ಮೇಲೆ. ಎಂಥಾ ಬೊಜ್ಜು ನೋಡು ಅನ್ನುತ್ತಾರೆ. ಅದರಲ್ಲಿ ಬಹುಪಾಲು ಬೊಜ್ಜಲ್ಲ. ದಿನವಿಡೀ ಎಲೆ, ಕಾಂಡ ತಿನ್ನುವ ಪ್ರಾಣಿ ಅದು. ಅಷ್ಟು ನಾರನ್ನು ಹುಳಿಸಿ ಅರಗಿಸಿಕೊಳ್ಳಲು ದೊಡ್ಡ ಕರುಳು ಬೇಕು, ಆ ಕರುಳಿಗೆ ಜಾಗ ಬೇಕು, ಹಾಗಾಗಿ ಹೊಟ್ಟೆ ಮುಂದೆ ಬಂದಿರುತ್ತದೆ.

ಹಾಗಾದರೆ ಆ ಮೈಯಲ್ಲಿ ಕೊಬ್ಬೆಷ್ಟು, ಮಾಂಸಖಂಡ ಎಷ್ಟು? ಗಂಡಿಗೂ ಹೆಣ್ಣಿಗೂ ಎಷ್ಟು ವ್ಯತ್ಯಾಸ? ಈ ಪ್ರಶ್ನೆ ಗೋಜಲಾಗಿರುವುದು ಕಾಡಿನ ಲೆಕ್ಕ, ಮೃಗಾಲಯದ ಲೆಕ್ಕ, ಮನುಷ್ಯರ ಲೆಕ್ಕ ಮೂರನ್ನೂ ಒಂದೇ ಚೀಲಕ್ಕೆ ತುಂಬಿದ್ದರಿಂದ.

ವಿಜ್ಞಾನ ಗೊರಿಲ್ಲಾವನ್ನು ಗುರುತಿಸಿದ್ದು 1847ರಲ್ಲಿ, ತಲೆಬುರುಡೆ ನೋಡಿ. ಮುಂದಿನ ನೂರಕ್ಕೂ ಹೆಚ್ಚು ವರ್ಷ ಅಳೆದಿದ್ದು ಹೆಚ್ಚಾಗಿ ಮೂಳೆ, ಹಲ್ಲು, ಒಟ್ಟು ತೂಕ. ಗಂಡು ಗೊರಿಲ್ಲಾ ಸುಮಾರು 170 ಕಿಲೋ, ಹೆಣ್ಣು 70ರ ಆಸುಪಾಸು. ಒರಾಂಗುಟಾನ್‌ನಲ್ಲೂ ಗಂಡು ಹೆಣ್ಣಿನ ಎರಡು ಪಟ್ಟು. ಚಿಂಪಾಂಜಿಯ ಹತ್ತಿರದ ನೆಂಟ ಬೊನೊಬೊದಲ್ಲಿ ಅಂತರ ಕಡಿಮೆ: ಗಂಡು 45 ಕಿಲೋ, ಹೆಣ್ಣು 33. ಗಂಡು ದೊಡ್ಡದು, ಹೆಣ್ಣು ಚಿಕ್ಕದು, ಅಲ್ಲಿಗೆ ಮಾತು ಮುಗಿಯುತ್ತಿತ್ತು. ಹೆಣ್ಣಿನ ಮೈ ಅಂದರೆ ಗಂಡಿನ ಮೈಯನ್ನೇ ಚಿಕ್ಕದು ಮಾಡಿದ್ದು ಅನ್ನುವಂತೆ ಬಹಳ ಕಾಲ ನಡೆಯಿತು. ಆದರೆ ಒಂದು ಕಿಲೋ ಕೊಬ್ಬು ಮಾಡುವ ಕೆಲಸ ಬೇರೆ, ಒಂದು ಕಿಲೋ ಮಾಂಸಖಂಡ ಮಾಡುವ ಕೆಲಸ ಬೇರೆ, ಅಲ್ವಾ?

ತೂಕವನ್ನು ಬಿಡಿಸಿ ನೋಡುವ ದಾರಿ 1970ರ ದಶಕದಲ್ಲಿ ತೆರೆಯಿತು. ಅಮೆರಿಕದ ಟೆಡ್ ಗ್ರ್ಯಾಂಡ್ ಪ್ರಾಣಿಯ ಮೈಯನ್ನು ಚರ್ಮ, ಮಾಂಸಖಂಡ, ಮೂಳೆ, ಕೊಬ್ಬು ಅಂತ ಬೇರೆ ಮಾಡಿ ತೂಗುವ ಕ್ರಮ ಹಾಕಿಕೊಟ್ಟರು. ಅದನ್ನು ದೊಡ್ಡ ವಾನರಗಳಿಗೆ ಪಟ್ಟು ಹಿಡಿದು ಬಳಸಿದವರು ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಸ್ ವಿಶ್ವವಿದ್ಯಾಲಯದ ಏಡ್ರಿಯನ್ ಜಿಲ್‌ಮನ್. ಸಾಕಿದ ವಾನರ ಸತ್ತಾಗಷ್ಟೇ ಈ ಕೆಲಸ ಸಾಧ್ಯ, ಅದಕ್ಕಾಗಿ ಯಾರೂ ಕೊಲ್ಲುವುದಿಲ್ಲ, ಕಾಯಬೇಕು. ಚರ್ಮ ಬಿಡಿಸಿ ತೂಗಬೇಕು. ಕೈಕಾಲುಗಳನ್ನು ಕೀಲಿನಲ್ಲಿ ಬೇರೆ ಮಾಡಿ, ಮಾಂಸಖಂಡವನ್ನು ಮೂಳೆಯಿಂದ ಬಿಡಿಸಿ ತೂಗಬೇಕು. ಜಿಲ್‌ಮನ್ ಮತ್ತು ಡೆಬ್ರಾ ಬೋಲ್ಟರ್ 2015ರಲ್ಲಿ ಪ್ರಕಟಿಸಿದ ಬೊನೊಬೊ ಲೆಕ್ಕದಲ್ಲಿ ಇದ್ದದ್ದು 13 ಮೈಗಳು. ಅಷ್ಟಕ್ಕೆ ಹಿಡಿದದ್ದು ಸುಮಾರು ಮೂರು ದಶಕ.

ಕಂಡದ್ದು ಮಾತ್ರ ಸಣ್ಣದಲ್ಲ. ಗಂಡು ಬೊನೊಬೊದಲ್ಲಿ ತೂಗುವಷ್ಟು ಕೊಬ್ಬೇ ಹೆಚ್ಚುಕಡಿಮೆ ಇರಲಿಲ್ಲ. ತೂಕದ ಅರ್ಧದಷ್ಟು ಬರೀ ಮಾಂಸಖಂಡ. ಹೆಣ್ಣಿನಲ್ಲಿ ಮಾಂಸಖಂಡದ ಪಾಲು ಕಡಿಮೆ, ಕೊಬ್ಬು ಸರಾಸರಿ ಶೇ 4ರ ಹತ್ತಿರ. ನಮ್ಮ ಕಣ್ಣಿಗೆ ಶೇ 4 ಏನೂ ಅಲ್ಲ. ಆದರೆ ಮರಿ ಹೊತ್ತು, ಹೆತ್ತು, ವರ್ಷಗಟ್ಟಲೆ ಹಾಲೂಡಿಸುವ ಹೆಣ್ಣಿಗೆ ಆ ಚೂರೇ ಕಷ್ಟಕಾಲದ ಗಂಟು. ಮನುಷ್ಯರಾಗುವ ಹಾದಿಯಲ್ಲಿ ಗಂಡು ಹೆಣ್ಣು ಇಬ್ಬರಲ್ಲೂ ಕೊಬ್ಬು ಜಾಸ್ತಿಯಾಯಿತು, ಮಾಂಸಖಂಡ ಕಡಿಮೆಯಾಗಿ ಇದ್ದದ್ದೂ ಕಾಲಿನ ಕಡೆ ಇಳಿಯಿತು. ಬರೀ ಮೂಳೆ ನೋಡುತ್ತಿದ್ದರೆ ಇದು ತಿಳಿಯುತ್ತಿರಲಿಲ್ಲ. ಈ ಕೆಲಸ ಇನ್ನೂ ಮೊದಲೇ ಶುರುವಾಗಬೇಕಿತ್ತು ಅನಿಸುತ್ತದೆ.

ಗೊಂದಲ ತಂದದ್ದು ಗೊರಿಲ್ಲಾ. 2000ರಲ್ಲಿ ಜಿಲ್‌ಮನ್ ಮತ್ತು ರಾಬಿನ್ ಮೆಕ್‌ಫಾರ್ಲಂಡ್ ಪ್ರಕಟಿಸಿದ ಲೆಕ್ಕದಲ್ಲಿ ಸಾಕಿದ ನಾಲ್ಕು ಗೊರಿಲ್ಲಾಗಳಿದ್ದವು. ಒಂದರಲ್ಲಿ ಕೊಬ್ಬು ಶೇ 20ರ ಹತ್ತಿರ, ಇನ್ನೊಂದರಲ್ಲಿ ಶೇ 40 ದಾಟಿತ್ತು. ಇದು ಗೊರಿಲ್ಲಾದ ಗುಣವೋ, ಕೂತಲ್ಲೇ ಸಿಗುವ ಊಟದ ಫಲವೋ?

ಕಾಡಿನ ಕಡೆಯಿಂದ ಒಂದು ಸುಳಿವು ಸಿಕ್ಕಿದ್ದು 1998ರಲ್ಲಿ. ಬೋರ್ನಿಯೋದ ಗುನುಂಗ್ ಪಲುಂಗ್ ಕಾಡಿನಲ್ಲಿ ಶೆರಿಲ್ ನಾಟ್ ಒರಾಂಗುಟಾನ್‌ಗಳ ಮೂತ್ರ ಸಂಗ್ರಹಿಸಿ ಪರೀಕ್ಷಿಸುತ್ತಿದ್ದರು. ಹಣ್ಣಿನ ಸುಗ್ಗಿಯಲ್ಲಿ ಗಂಡು ದಿನಕ್ಕೆ ಸುಮಾರು 8,400 ಕ್ಯಾಲೊರಿ ತಿಂದರೆ ಹೆಣ್ಣು 7,400 ತಿನ್ನುತ್ತಿತ್ತು. ಹಣ್ಣು ಮುಗಿದಾಗ ಗಂಡಿಗೆ 3,800, ಹೆಣ್ಣಿಗೆ ಬರೀ 1,800. ಮೈಯ ಕೊಬ್ಬು ಕರಗಿದಾಗ ಮೂತ್ರದಲ್ಲಿ ಬರುವ ಕೀಟೋನ್ ಆ ಬರಗಾಲದಲ್ಲಿ ಮಾತ್ರ ಕಾಣಿಸಿತು. ಗಂಡಿನ ಅರ್ಧ ತೂಕದ ಹೆಣ್ಣು ಸುಗ್ಗಿಯಲ್ಲಿ ಅದಕ್ಕೆ ಹೆಚ್ಚುಕಡಿಮೆ ಸಮನಾಗಿ ತಿನ್ನುವುದು ಸುಮ್ನೆ ಅಲ್ಲ, ಕೂಡಿಡುವುದಕ್ಕೆ.

2016ರಲ್ಲಿ ಹರ್ಮನ್ ಪಾಂಟ್ಜರ್ ತಂಡ ಮೃಗಾಲಯದ ವಾನರಗಳಿಗೆ ಭಾರದ ಪರಮಾಣುಗಳಿಂದ ಗುರುತು ಹಾಕಿದ ನೀರು ಕುಡಿಸಿ, ಮೈಯಲ್ಲಿ ನೀರೆಷ್ಟಿದೆ ಅಂತ ಲೆಕ್ಕ ಹಾಕಿ, ಬದುಕಿರುವಾಗಲೇ ಕೊಬ್ಬಿನ ಅಂದಾಜು ಮಾಡಿತು. ಅಂಥ ಆರಾಮಿನ ಬದುಕಿನಲ್ಲೂ ಅವುಗಳ ಸರಾಸರಿ ಮನುಷ್ಯರಿಗಿಂತ ಕಡಿಮೆಯೇ ಇತ್ತು.

ಸಾಕಿದ ಗಂಡು ಗೊರಿಲ್ಲಾಗಳನ್ನು ಹೆಚ್ಚಾಗಿ ಕೊಲ್ಲುವುದು ಹೃದಯದ ಕಾಯಿಲೆ. ಅದಕ್ಕೇ ಈ ಲೆಕ್ಕ ಬರೀ ಕುತೂಹಲದ್ದಲ್ಲ. ಅಮೆರಿಕದ ಕ್ಲೀವ್‌ಲ್ಯಾಂಡ್ ಮೃಗಾಲಯದಲ್ಲಿ ಬೆಬಾಕ್, ಮೊಕೊಲೊ ಎಂಬ ಎರಡು ಗಂಡುಗಳಿಗೆ ಬಿಸ್ಕೆಟ್ ನಿಲ್ಲಿಸಿ, ಬುಟ್ಟಿಗಟ್ಟಲೆ ಸೊಪ್ಪು, ಹುರುಳಿಕಾಯಿ ಕೊಡತೊಡಗಿದರು. ವಿಟಮಿನ್ ಮಾತ್ರೆಯನ್ನು ಅರ್ಧ ಬಾಳೆಹಣ್ಣಿನೊಳಗೆ ಇಟ್ಟು ತಿನ್ನಿಸಿದರು. ವರ್ಷದಲ್ಲಿ ಎರಡೂ ಸುಮಾರು 30 ಕಿಲೋ ಇಳಿದವು. ದಿನದ ಅರ್ಧಕ್ಕಿಂತ ಹೆಚ್ಚು ಹೊತ್ತು, ಕಾಡಿನಲ್ಲಿ ಮಾಡುವ ಹಾಗೆಯೇ, ಕೂತು ಸೊಪ್ಪು ಆರಿಸಿ ಜಗಿಯುತ್ತಿದ್ದವು.