ವಿಶೇಷ ಬಿ.ಇಡಿ. ಮಾಡದ ಶಿಕ್ಷಕಿ ಈ ಮಗುವಿಗೆ ಕಲಿಸಬಹುದೇ?

ಪ್ರಶ್ನೆ: ನಮ್ಮ ಸರ್ಕಾರಿ ಶಾಲೆಯ ನಾಲ್ಕನೇ ತರಗತಿಯಲ್ಲಿ ಬೌದ್ಧಿಕ ವಿಕಲತೆಯುಳ್ಳ ಬಾಲಕನೊಬ್ಬನಿದ್ದಾನೆ. ನಾನು ಡಿ.ಇಡಿ. ಮಾಡಿದವಳು, ವಿಶೇಷ ಶಿಕ್ಷಣದ ತರಬೇತಿ ಪಡೆದಿಲ್ಲ. ಅವನಿಗೆ ಕಲಿಸುವುದು ಬಿ.ಐ.ಇ.ಆರ್.ಟಿ.ಯವರ (ತಾಲ್ಲೂಕಿನ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರ) ಕೆಲಸವಲ್ಲವೇ? ಅವನನ್ನು ವಿಶೇಷ ಶಾಲೆಗೆ ಕಳಿಸುವುದೇ ಮೇಲು ಎಂದು ಸಹೋದ್ಯೋಗಿಗಳು ಹೇಳುತ್ತಾರೆ.

ಉತ್ತರ: ಕಲಿಸಬಹುದು, ಕಲಿಸಲೇಬೇಕು. ಶಾಲೆ ತೆರೆಯುವ ಜೂನ್ ತಿಂಗಳಿನಲ್ಲಿ ಈ ಪ್ರಶ್ನೆ ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ ಬರುತ್ತದೆ, ನಾನೂ ಹೆಚ್ಚುಕಡಿಮೆ ಇದೇ ಉತ್ತರ ಬರೆಯುತ್ತೇನೆ. ಆದರೂ ಇದರ ಹಿಂದಿರುವ ನಂಬಿಕೆ ಮಾತ್ರ ಕದಲಿಲ್ಲವಾದ್ದರಿಂದ ಈ ಬಾರಿ ಅದನ್ನು ಬುಡದಿಂದಲೇ ನೋಡೋಣ.

ಭಾರತೀಯ ಪುನರ್ವಸತಿ ಪರಿಷತ್ತಿನ ಪ್ರಮಾಣಪತ್ರವಿಲ್ಲದವರು ವಿಕಲಚೇತನ ಮಕ್ಕಳಿಗೆ ಪಾಠ ಮಾಡುವಂತಿಲ್ಲ ಎಂಬುದು ಆ ನಂಬಿಕೆ. ಇದು ಗಾಳಿಯಿಂದ ಹುಟ್ಟಿದ್ದಲ್ಲ. 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆಯ ಪ್ರಕಾರ ವಿಶೇಷ ಶಿಕ್ಷಕರೆಂದು ಹುದ್ದೆ ಹಿಡಿಯುವವರು ಪರಿಷತ್ತಿನಲ್ಲಿ ನೋಂದಣಿಯಾಗಿರಬೇಕು. ಆ ನಿಯಮ ಇರುವುದು ವಿಶೇಷ ಶಿಕ್ಷಕರ ಹುದ್ದೆಗೆ. ತನ್ನ ತರಗತಿಯ ಹಾಜರಿ ಪುಸ್ತಕದಲ್ಲಿ ಹೆಸರಿರುವ ಮಗುವಿಗೆ ತರಗತಿ ಶಿಕ್ಷಕಿ ಕಲಿಸಬಾರದೆಂದು ಅದು ಎಲ್ಲಿಯೂ ಹೇಳುವುದಿಲ್ಲ. ಬದಲಿಗೆ 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ 16ನೇ ಸೆಕ್ಷನ್, ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಪ್ರತಿಯೊಂದು ಶಾಲೆಯೂ ಇಂಥ ಮಕ್ಕಳನ್ನು ತಾರತಮ್ಯವಿಲ್ಲದೆ ಸೇರಿಸಿಕೊಂಡು, ಉಳಿದವರ ಜೊತೆಯಲ್ಲಿಯೇ ಕಲಿಸಿ, ಅವರ ಪ್ರಗತಿಯನ್ನು ಗಮನಿಸಬೇಕೆಂದು ವಿಧಿಸುತ್ತದೆ. ಹೊಣೆ ಶಾಲೆಯದು, ತಾಲ್ಲೂಕಿನ ಸಂಪನ್ಮೂಲ ಶಿಕ್ಷಕರೊಬ್ಬರದಲ್ಲ.

ಕಾನೂನನ್ನು ಬದಿಗಿಟ್ಟು ಬರಿಯ ಲೆಕ್ಕ ಹಾಕಿದರೂ ಈ ನಂಬಿಕೆ ನಿಲ್ಲುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 200 ಕೆಲಸದ ದಿನಗಳು, 800 ಬೋಧನಾ ಗಂಟೆಗಳು ಇರಬೇಕು. ಬಿ.ಐ.ಇ.ಆರ್.ಟಿ.ಯವರು ಇಡೀ ತಾಲ್ಲೂಕಿನ ಶಾಲೆಗಳನ್ನೂ ಗೃಹಾಧಾರಿತ ಶಿಕ್ಷಣದಲ್ಲಿರುವ ಮಕ್ಕಳ ಮನೆಗಳನ್ನೂ ಸುತ್ತಬೇಕು. ಅವರು ನಿಮ್ಮ ಶಾಲೆಗೆ ಬರುವುದು ಯಾವಾಗಲೋ ಒಮ್ಮೆ. ಆ 800 ಗಂಟೆಗಳಲ್ಲಿ ಬಹುಪಾಲು ಹುಡುಗ ಕೂರುವುದು ನಿಮ್ಮೆದುರಿಗೆ. ಅವರು ಬರುವವರೆಗೆ ಕಾಯುವುದೆಂದರೆ ಅವನನ್ನು ಸುಮ್ಮನೆ ಕೂರಿಸಿ, ಬಿಸಿಯೂಟ ಬಡಿಸಿ, ಮನೆಗೆ ಕಳಿಸುವುದು ಎಂದೇ ಅರ್ಥ.

ವಿಶೇಷ ಪರಿಣತಿ ಬೇಕಾಗುವ ಕೆಲಸಗಳು ಇವೆ, ಅಲ್ಲಗಳೆಯುವುದಿಲ್ಲ. ಬ್ರೈಲ್, ಸಂಜ್ಞಾ ಭಾಷೆ, ವಾಕ್ ಚಿಕಿತ್ಸೆ ಎರಡು ದಿನದ ಕಾರ್ಯಾಗಾರದಲ್ಲಿ ಬರುವಂಥವಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥವು ಇರುವುದೇ ಅದಕ್ಕಾಗಿ. ಸಾಮಾನ್ಯ ಶಾಲೆಗಳಲ್ಲಿ ವಿಶೇಷ ಶಿಕ್ಷಕರ ಕಾಯಂ ಹುದ್ದೆಗಳು ಬೇಕೆಂದು 2021ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಆದರೆ ಆ ಹುದ್ದೆಗಳೆಲ್ಲ ನಾಳೆಯೇ ತುಂಬಿದರೂ ತರಗತಿಯ ಪಾಠ ನಿಮ್ಮದಾಗಿಯೇ ಉಳಿಯುತ್ತದೆ.

ಆ ಪಾಠಕ್ಕೆ ಬೇಕಾದ ಕೌಶಲ ನಿಮ್ಮಲ್ಲಿ ಇಲ್ಲವೆಂದು ನಾನು ಒಪ್ಪುವುದಿಲ್ಲ. 1995ರ ಸುಮಾರಿಗೆ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ರಾಜ್ಯಕ್ಕೆಲ್ಲ ಹರಡಿದ ನಲಿ ಕಲಿ ಎಂಬ ಚಟುವಟಿಕೆ ಆಧಾರಿತ ಬೋಧನಾ ಪದ್ಧತಿಯಲ್ಲಿ, ಒಂದೇ ಕೊಠಡಿಯ ಮಕ್ಕಳು ಕಲಿಕಾ ಏಣಿಯ ಬೇರೆ ಬೇರೆ ಮೆಟ್ಟಿಲುಗಳಲ್ಲಿ ಇರುತ್ತಾರೆ. ಒಬ್ಬರು ಶಿಕ್ಷಕರ ನೆರವಿನಿಂದ, ಇನ್ನೊಬ್ಬರು ಸಹಪಾಠಿಯ ನೆರವಿನಿಂದ, ಮತ್ತೊಬ್ಬರು ತಾವೇ ಕಲಿಯುತ್ತಾರೆ. ಇದನ್ನು ನಿಭಾಯಿಸಿದ ಶಿಕ್ಷಕಿ, ಒಬ್ಬ ಹುಡುಗ ನಿಧಾನವಾಗಿ ಮೆಟ್ಟಿಲೇರಿದರೆ ಕೈಚೆಲ್ಲಬೇಕಾಗಿಲ್ಲ. ಕೆಲಸವನ್ನು ಚಿಕ್ಕ ಚಿಕ್ಕ ಹಂತಗಳಾಗಿ ಒಡೆಯಿರಿ, ಕೂಡುವ ಲೆಕ್ಕಕ್ಕೆ ಹುಣಸೆ ಬೀಜ ಕೊಡಿ, ಒಂದು ಹಂತ ಗಟ್ಟಿಯಾಗುವವರೆಗೆ ಮುಂದಿನದಕ್ಕೆ ಹೋಗಬೇಡಿ, ಕಲಿತದ್ದನ್ನು ಮರುದಿನ ಮತ್ತೆ ಕೇಳಿ. ಮಂದದೃಷ್ಟಿಯ ಮಗುವಿದ್ದರೆ ಬೋರ್ಡಿನ ಮೇಲೆ ಬರೆಯುವುದನ್ನು ಬಾಯಿಬಿಟ್ಟು ಓದುತ್ತಾ ಬರೆಯಬೇಕು. ಕಿವಿ ಮಂದವಿರುವ ಮಗುವಿದ್ದರೆ ಬೋರ್ಡಿನತ್ತ ತಿರುಗಿ ಮಾತನಾಡಬಾರದು. ಇಷ್ಟಕ್ಕೆ ಪ್ರತ್ಯೇಕ ಪದವಿ ಬೇಕೆನ್ನುವವರಿಗೆ ನನ್ನಲ್ಲಿ ಉತ್ತರವಿಲ್ಲ.

ಇನ್ನು ವಿಶೇಷ ಶಾಲೆಯ ಮಾತು. ಶೇ. 40 ಅಥವಾ ಅದಕ್ಕಿಂತ ಹೆಚ್ಚು ವಿಕಲತೆಯೆಂದು ಪ್ರಮಾಣೀಕೃತವಾದ 6ರಿಂದ 18 ವರ್ಷದ ಮಗುವಿಗೆ ನೆರೆಯ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣದ ಹಕ್ಕಿದೆ, ಮತ್ತು ಆಯ್ಕೆ ಮಗುವಿನದು. ಶಾಲೆ ಆ ಆಯ್ಕೆಯನ್ನು ತನ್ನ ಕೈಗೆ ತೆಗೆದುಕೊಂಡು, ಪೋಷಕರಿಗೆ ‘ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇವೆ’ ಎಂದು ವರ್ಗಾವಣೆ ಪತ್ರ ಬರೆದುಕೊಡುವಂತಿಲ್ಲ.

ನೀವು ಕೇಳದಿದ್ದರೂ ಹೇಳಲೇಬೇಕಾದದ್ದು ಮುಖ್ಯ ಶಿಕ್ಷಕರ ತರಬೇತಿಯ ವಿಚಾರ. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯ ನಂತರದ ಎರಡು ವರ್ಷದ ಬಿ.ಇಡಿ.ಯಲ್ಲಿ, ಎಲ್ಲ ಮಕ್ಕಳೂ ಜೊತೆಯಲ್ಲಿ ಕಲಿಯುವ ಸಮನ್ವಯ ಶಾಲೆಯ ಕುರಿತ ಪಠ್ಯವಿಷಯವೊಂದು ಸೇರಿತು. ಸೇವೆಯಲ್ಲಿರುವ ಶಿಕ್ಷಕರಿಗಾಗಿ 2019ರಲ್ಲಿ ಶುರುವಾದ ಕೇಂದ್ರದ ನಿಷ್ಠಾ ತರಬೇತಿಯಲ್ಲಿಯೂ ಈ ವಿಷಯವಿದೆ. ಆದರೆ ಅದಕ್ಕೂ ಎಷ್ಟೋ ಮೊದಲು ಸೇವೆಗೆ ಸೇರಿ ಜ್ಯೇಷ್ಠತೆಯಿಂದ ಬಡ್ತಿ ಪಡೆದವರು ಕುರ್ಚಿಯಲ್ಲಿ ಕುಳಿತ ದಿನದಿಂದ ಅನುದಾನ, ದಾಖಲೆ, ಬಿಸಿಯೂಟದ ಲೆಕ್ಕಗಳಲ್ಲಿಯೇ ಮುಳುಗುತ್ತಾರೆ. ಶಿಕ್ಷಕಿ ಎಷ್ಟೇ ಸಿದ್ಧಳಾಗಿರಲಿ, ಗಾಲಿಕುರ್ಚಿಯ ಮಗುವಿರುವ ತರಗತಿಯನ್ನು ಮಹಡಿಯ ಮೇಲೆ ಹಾಕುವುದನ್ನು ತಡೆಯುವ ಅಧಿಕಾರ ಅವಳಿಗಿಲ್ಲ. ಆ ತರಗತಿಯನ್ನು ನೆಲ ಅಂತಸ್ತಿಗೆ ತರಲು ಒಂದು ರೂಪಾಯಿಯೂ ಬೇಕಾಗಿಲ್ಲ. ಮುಖ್ಯ ಶಿಕ್ಷಕರು ಕೊಠಡಿ ಹಂಚಿಕೆಯ ಹಾಳೆಯನ್ನು ತಿದ್ದಬೇಕು, ಅಷ್ಟೆ. ಬಿ.ಐ.ಇ.ಆರ್.ಟಿ.ಯವರು ಬಂದ ದಿನ ತರಗತಿ ಶಿಕ್ಷಕಿಗೆ ಒಂದು ಅವಧಿ ಬಿಡುವು ಕೊಟ್ಟು ಇಬ್ಬರನ್ನೂ ಜೊತೆಗೆ ಕೂರಿಸುವುದೂ ಹಾಗೆಯೇ. ಆ ಮಾತುಕತೆ ನಡೆಯದಿದ್ದರೆ ಭೇಟಿ ಒಂದು ಸಹಿಯಲ್ಲಿ ಮುಗಿಯುತ್ತದೆ.

ಪ್ರೌಢಶಾಲೆಯ ಮುಖ್ಯ ಶಿಕ್ಷಕರು ಪರೀಕ್ಷೆಯ ರಿಯಾಯಿತಿಗಳನ್ನೂ ತಿಳಿದಿರಬೇಕು. ಕೇಂದ್ರ ಸರ್ಕಾರದ ಮಾರ್ಗಸೂಚಿಯು ಬರೆಯಲು ಕಷ್ಟವಿರುವವರಿಗೆ ಬರಹಗಾರರ ಸಹಾಯವನ್ನೂ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯವನ್ನೂ ಒಪ್ಪುತ್ತದೆ. ಇನ್ನೊಬ್ಬರಿಗೆ ಉತ್ತರ ಹೇಳಿ ಬರೆಸುವುದು ಅಭ್ಯಾಸದಿಂದ ಬರುವ ಕಲೆಯಾದ್ದರಿಂದ, ಎಸ್ಸೆಸ್ಸೆಲ್ಸಿ ಅರ್ಜಿ ತುಂಬುವಾಗ ಬರಹಗಾರರನ್ನು ಹುಡುಕಿದರೆ ತಡವಾಗುತ್ತದೆ. ಎಂಟನೇ ತರಗತಿಯ ಕಿರುಪರೀಕ್ಷೆಯಿಂದಲೇ ಆ ವ್ಯವಸ್ಥೆ ಮಾಡಬೇಕು.